ವಿಡಿಯೊ ಸಂಕಲನದ ಪ್ರೀಸೆಟ್‌ಗಳಿಗೂ ಒಂದು ಲೆಕ್ಕವಿರಲಿ

ಮಾನ್ಯ ಸಂಪಾದಕರೆ,

ವಿಡಿಯೊ ಸಂಕಲನವನ್ನು ಹೊಸದಾಗಿ ಕಲಿಯುವವರಿಗಾಗಿ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಬರುತ್ತಿರುವ ಲೇಖನಮಾಲೆಯನ್ನು ಮೊದಲ ಕಂತಿನಿಂದಲೂ ಓದುತ್ತಿದ್ದೇನೆ. ಕತ್ತರಿಸುವುದು, ಜೋಡಿಸುವುದು, ಬಣ್ಣ ತಿದ್ದುವುದು, ಧ್ವನಿಯನ್ನು ಹದಗೊಳಿಸುವುದು, ಇವೆಲ್ಲವನ್ನೂ ಲೇಖಕರು ತಾಳ್ಮೆಯಿಂದ ವಿವರಿಸಿದ್ದಾರೆ. ಪ್ರೀಸೆಟ್‌ಗಳ ವಿಷಯ ಬಂದಾಗ ಮಾತ್ರ, ಒಮ್ಮೆ ಹೊಂದಿಸಿಟ್ಟುಕೊಂಡರೆ ಸಮಯ ಉಳಿಯುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿದ್ದಾರೆ. ಆ ವಾಕ್ಯ ಸುಳ್ಳಲ್ಲ. ಆದರೆ ಹಲವು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ, ಪ್ರೀಸೆಟ್ ತಾನು ಉಳಿಸಿಕೊಟ್ಟ ಸಮಯವನ್ನೆಲ್ಲ ಒಂದೇ ಸಲಕ್ಕೆ ಬಡ್ಡಿ ಸಮೇತ ವಸೂಲಿ ಮಾಡಿಕೊಂಡ ಅನುಭವವೂ ಇದೆ. ಪ್ರೀಸೆಟ್ ಮಾಡುವುದು ಸುಲಭ, ಮಾಡಿದ್ದನ್ನು ಕಾಪಾಡಿಕೊಳ್ಳುವುದು ಕಷ್ಟ. ಕಲಿಸುವವರು ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಡುತ್ತಿದ್ದಾರೆ ಎಂಬುದು ನನ್ನ ದೂರು. ಅದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ವಿಷಯಕ್ಕೆ ಹೊಸಬರಾದವರಿಗಾಗಿ ಮೊದಲು ಎರಡು ಮಾತು. ಸಂಕಲನದ ತಂತ್ರಾಂಶದಲ್ಲಿ ಹೊಸ ಟೈಮ್‌ಲೈನ್, ಅಂದರೆ ದೃಶ್ಯಗಳನ್ನೂ ಧ್ವನಿಯನ್ನೂ ಒಂದರ ಮುಂದೊಂದು ಜೋಡಿಸುವ ಪಟ್ಟಿ, ತೆರೆಯುವಾಗಲೇ ಹಲವು ಪ್ರಶ್ನೆಗಳು ತೀರ್ಮಾನವಾಗಿಬಿಡಬೇಕು. ಚಿತ್ರದ ಅಗಲ ಎಷ್ಟು ಪಿಕ್ಸೆಲ್, ಎತ್ತರ ಎಷ್ಟು, ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ), ಪಿಕ್ಸೆಲ್‌ಗಳು ಚೌಕವೋ ಆಯತವೋ, ಪ್ರತಿ ಫ್ರೇಮ್ ಇಡಿಯಾಗಿ ಬರುತ್ತದೋ ಸಾಲು ಬಿಟ್ಟು ಸಾಲಾಗಿ ಎರಡು ಫೀಲ್ಡ್‌ಗಳಲ್ಲಿ ಬರುತ್ತದೋ, ಧ್ವನಿಯ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಬೇಕು ಎಂಬ ಲೆಕ್ಕ) ಯಾವುದು, ಬಣ್ಣದ ಮಾನಕ ಯಾವುದು, ಎಷ್ಟು ಟ್ರ್ಯಾಕ್‌ಗಳು ಬೇಕು ಎಂಬುದಕ್ಕೆಲ್ಲ ಪ್ರತಿ ಸಲವೂ ಉತ್ತರ ತುಂಬುವುದು ಬೇಸರದ ಕೆಲಸವಾದ್ದರಿಂದ, ಒಮ್ಮೆ ಕೊಟ್ಟ ಉತ್ತರಗಳನ್ನೆಲ್ಲ ಒಂದು ಹೆಸರಿನಡಿ ಉಳಿಸಿಟ್ಟುಕೊಳ್ಳುವ ಅನುಕೂಲವೇ ಪ್ರೀಸೆಟ್. ಪತ್ರಿಕೆಯಲ್ಲಿ ಪುಟ ಕಟ್ಟುವವರಿಗೆ ಇದು ಬೇಗ ಅರ್ಥವಾಗುತ್ತದೆ: ಕಾಲಂ ಅಗಲ, ಅಂಚು, ತಲೆಬರಹದ ಅಕ್ಷರ ಗಾತ್ರ ಎಲ್ಲವನ್ನೂ ಹೊಂದಿಸಿಟ್ಟ ಖಾಲಿ ಪುಟವಿದ್ದ ಹಾಗೆ. ಆದರೆ ಪುಟದ ಅಳತೆ ತಪ್ಪಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಟೈಮ್‌ಲೈನಿನ ಅಳತೆ ತಪ್ಪಿದ್ದು ಎಷ್ಟೋ ಸಲ ಕೆಲಸವೆಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ, ಕೆಲವು ಸಲ ಗೊತ್ತೇ ಆಗುವುದಿಲ್ಲ.

ನನಗೆ ಗೊತ್ತಾದದ್ದು ಹೀಗೆ. ಎಂಟು ಕಂತುಗಳ ಉಪನ್ಯಾಸ ಮಾಲೆಯೊಂದನ್ನು ಸಂಕಲಿಸುತ್ತಿದ್ದೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್‌ನಂತೆ ಚಿತ್ರೀಕರಣವಾಗಿತ್ತು. ಅದಕ್ಕೆ ತಕ್ಕ ಪ್ರೀಸೆಟ್ ಒಂದನ್ನು ನಾನೇ ಮಾಡಿ, "ನಮ್ಮದು" ಎಂದು ಹೆಸರಿಟ್ಟು ಉಳಿಸಿದ್ದೆ. ಆ ಕಂಪ್ಯೂಟರನ್ನು ಮೂವರು ಬಳಸುತ್ತಿದ್ದೆವು. ಮೂರು ಕಂತು ಮುಗಿಯುವ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಬೇರೊಂದು ಕೆಲಸಕ್ಕಾಗಿ ಅದೇ ಪ್ರೀಸೆಟ್ ತೆರೆದು, ಫ್ರೇಮ್ ರೇಟನ್ನು 29.97ಕ್ಕೆ ಬದಲಿಸಿ, ಅದೇ ಹೆಸರಿನಲ್ಲಿ ಉಳಿಸಿದರು. ಅವರನ್ನು ಬೈಯುವ ಹಾಗಿಲ್ಲ. "ನಮ್ಮದು" ಎಂದು ಬರೆದಿತ್ತು, ಅವರೂ ನಮ್ಮವರೇ. ನಾಲ್ಕನೆಯ ಕಂತಿಗೆ ನಾನು ಹೊಸ ಟೈಮ್‌ಲೈನ್ ತೆರೆದಾಗ ಅದೇ ಹೆಸರನ್ನು ನೋಡಿ, ಅದೇ ಗುಂಡಿ ಒತ್ತಿ, ಕೆಲಸ ಶುರುಮಾಡಿದೆ. ಕ್ಲಿಪ್ಪಿಗೂ ಟೈಮ್‌ಲೈನಿಗೂ ಅಳತೆ ಹೊಂದದಿದ್ದರೆ ಎಚ್ಚರಿಸುವ ವ್ಯವಸ್ಥೆ ಅನೇಕ ತಂತ್ರಾಂಶಗಳಲ್ಲಿದೆ. ನಾನು ಬಳಸುತ್ತಿದ್ದುದರಲ್ಲಿಯೂ ಇತ್ತು. ಆದರೆ ಅದು ಬಾಯಿ ತೆರೆಯುವುದು ಖಾಲಿ ಟೈಮ್‌ಲೈನಿಗೆ ಮೊದಲ ಕ್ಲಿಪ್ ಬಿದ್ದಾಗ ಮಾತ್ರ. ನಾನು ಮೊದಲು ಇಟ್ಟದ್ದು ಶೀರ್ಷಿಕೆಯ ಸ್ಥಿರಚಿತ್ರ. ಸ್ಥಿರಚಿತ್ರಕ್ಕೆ ಫ್ರೇಮ್ ರೇಟ್ ಎಲ್ಲಿಂದ ಬರಬೇಕು?

ಐದನೆಯ ಕಂತಿನಲ್ಲಿ, ಪುಸ್ತಕಗಳ ಸಾಲಿನ ಮೇಲೆ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯುವ ಒಂದು ಶಾಟ್ ಇತ್ತು. ಅದನ್ನು ಓಡಿಸಿದಾಗಲೆಲ್ಲ ಏನೋ ಮುಗ್ಗರಿಸಿದಂತೆ ಕಾಣುತ್ತಿತ್ತು. ಮೊದಲು ಕ್ಯಾಮೆರಾ ಹಿಡಿದವರ ಕೈಯನ್ನು ಸಂಶಯಿಸಿದೆ, ಆಮೇಲೆ ನನ್ನ ಕಂಪ್ಯೂಟರಿನ ವೇಗವನ್ನು. ಕೊನೆಗೆ ಬಾಣದ ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ಮುಂದಕ್ಕೆ ಹೋದಾಗ ಗುಟ್ಟು ಬಯಲಾಯಿತು. ಐದು ಫ್ರೇಮ್‌ಗಳಲ್ಲಿ ಪುಸ್ತಕಗಳು ಸರಿಯುತ್ತಿದ್ದವು, ಆರನೆಯದರಲ್ಲಿ ಅಲ್ಲಾಡದೆ ನಿಂತಿರುತ್ತಿದ್ದವು. ಮತ್ತೆ ಐದು ಸರಿದು ಮತ್ತೆ ಒಂದು ನಿಲ್ಲುತ್ತಿತ್ತು. ಸೆಕೆಂಡಿಗೆ 25 ಇರುವುದನ್ನು ಸುಮಾರು 30 ಮಾಡಿ ತೋರಿಸಬೇಕಾದರೆ ತಂತ್ರಾಂಶ ಇನ್ನೇನು ತಾನೇ ಮಾಡೀತು, ಇದ್ದ ಫ್ರೇಮನ್ನೇ ಎರಡು ಸಲ ತೋರಿಸಿ ಲೆಕ್ಕ ಸರಿದೂಗಿಸಿತ್ತು. ಉಪನ್ಯಾಸಕರು ಕುಳಿತು ಮಾತಾಡುವ ದೃಶ್ಯಗಳಲ್ಲಿ ಇದು ಯಾರ ಕಣ್ಣಿಗೂ ಬೀಳುವಂಥದಲ್ಲ. ಆದ್ದರಿಂದಲೇ ನಾಲ್ಕನೆಯ ಕಂತು ಆಗಲೇ ನನ್ನ ಕೈ ದಾಟಿ ಹೋಗಿತ್ತು.

ಪರಿಶೀಲಿಸಲೆಂದು ಮೊದಲ ಮೂರು ಕಂತುಗಳನ್ನು ತೆರೆದು ನೋಡಿದರೆ ಅವು ಸರಿಯಾಗಿಯೇ ಇದ್ದವು, ಇದು ನನ್ನನ್ನು ಇನ್ನಷ್ಟು ದಾರಿ ತಪ್ಪಿಸಿತು. ಪ್ರೀಸೆಟ್ ಎಂಬುದು ಇಟ್ಟಿಗೆಯ ಅಚ್ಚಿನಂತೆ. ಅಚ್ಚನ್ನು ಬದಲಾಯಿಸಿದರೆ ಮುಂದೆ ತೆಗೆಯುವ ಇಟ್ಟಿಗೆಗಳು ಬೇರೆಯಾಗುತ್ತವೆಯೇ ಹೊರತು ಹಿಂದೆ ತೆಗೆದು ಒಣಗಿಸಿಟ್ಟವು ಬದಲಾಗುವುದಿಲ್ಲ. ಟೈಮ್‌ಲೈನ್ ಹುಟ್ಟುವಾಗ ಪ್ರೀಸೆಟ್‌ನಿಂದ ಅಂಕಿಗಳನ್ನು ನಕಲು ಮಾಡಿಕೊಳ್ಳುತ್ತದೆ, ಆಮೇಲೆ ಎರಡಕ್ಕೂ ಸಂಬಂಧವಿಲ್ಲ. ಕಲಿಯುವವರಲ್ಲಿ ಹಲವರು ಇದನ್ನು ತಿರುಗುಮುರುಗಾಗಿ ತಿಳಿದಿರುತ್ತಾರೆ. ಪ್ರೀಸೆಟ್ ತಿದ್ದಿದರೆ ಹಳೆಯ ಪ್ರಾಜೆಕ್ಟ್‌ಗಳೂ ತಾವಾಗಿಯೇ ಸರಿಹೋಗುತ್ತವೆ ಎಂದು ನಂಬಿ, ತಿದ್ದಿ, ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ.

ತಪ್ಪು ತಿಳಿದ ಮೇಲೆ ಸರಿಪಡಿಸುವುದೂ ಸುಲಭವಲ್ಲ. ಉದಾಹರಣೆಗೆ ಡಾವಿಂಚಿ ರಿಸಾಲ್ವ್ ಎಂಬ ಸಂಕಲನದ ತಂತ್ರಾಂಶದಲ್ಲಿ, ಟೈಮ್‌ಲೈನಿನೊಳಗೆ ದೃಶ್ಯಗಳು ಬಂದು ಕುಳಿತ ಮೇಲೆ ಅದರ ಫ್ರೇಮ್ ರೇಟನ್ನು ಬದಲಿಸಲು ಬಿಡುವುದಿಲ್ಲ. ಮೊದಮೊದಲು ಇದು ಹಟಮಾರಿತನ ಎನಿಸುತ್ತಿತ್ತು, ಈಗ ನನಗೆ ಅದರಲ್ಲಿ ವಿವೇಕವೇ ಕಾಣುತ್ತದೆ. ಏಕೆಂದರೆ ಪ್ರತಿಯೊಂದು ಕತ್ತರಿಯ ಜಾಗವೂ ಫ್ರೇಮ್‌ಗಳ ಲೆಕ್ಕದಲ್ಲಿರುತ್ತದೆ. ಒಂದು ದರದ ಟೈಮ್‌ಲೈನಿನಿಂದ ಎಲ್ಲವನ್ನೂ ಎತ್ತಿ ಇನ್ನೊಂದು ದರದ ಟೈಮ್‌ಲೈನಿಗೆ ಅಂಟಿಸಿದರೆ, ಆ ಜಾಗಗಳೆಲ್ಲ ಹತ್ತಿರದ ಫ್ರೇಮಿಗೆ ಸರಿದು ಕೂರಬೇಕಾಗುತ್ತದೆ. ಒಂದು ಕ್ಲಿಪ್ ಹಿಂದಕ್ಕೆ, ಪಕ್ಕದ್ದು ಮುಂದಕ್ಕೆ ಸರಿದರೆ ನಡುವೆ ಒಂದು ಫ್ರೇಮಿನಷ್ಟು ಖಾಲಿ ಜಾಗ ಉಳಿದು, ಅಲ್ಲಿ ಪರದೆ ಕಣ್ಣು ಮಿಟುಕಿಸಿದಂತೆ ಕಪ್ಪಾಗುತ್ತದೆ. ನನ್ನ ಎರಡು ಕಂತುಗಳಲ್ಲಿ ಅಂಥ ಮಿಟುಕುಗಳನ್ನು ಒಂದೊಂದಾಗಿ ಹುಡುಕಿ ಮುಚ್ಚಿ, ಉಪಶೀರ್ಷಿಕೆಗಳನ್ನು ಮತ್ತೆ ಜೋಡಿಸಿ ಮುಗಿಸಲು ನಾಲ್ಕು ರಾತ್ರಿಗಳು ಹಿಡಿದವು. ಪ್ರೀಸೆಟ್‌ಗೆ ಒಂದು ಸರಿಯಾದ ಹೆಸರಿಡಲು ನಾಲ್ಕು ಸೆಕೆಂಡು ಸಾಕಾಗಿತ್ತು.

ಹೆಸರಿನ ಮಾತು ಬಂದದ್ದರಿಂದ ಇದನ್ನು ಸ್ವಲ್ಪ ವಿಸ್ತರಿಸುತ್ತೇನೆ. "ಹೊಸದು", "ಹೊಸದು 2", "ಫೈನಲ್", "ಫೈನಲ್ ಸರಿಯಾದದ್ದು", "ಇದನ್ನೇ ಬಳಸಿ" ಎಂಬಂಥ ಹೆಸರುಗಳಿರುವ ಪಟ್ಟಿಯನ್ನು ನಾನು ನೋಡಿರುವಷ್ಟೇ ಸಲ ನಾನೇ ಮಾಡಿಯೂ ಇದ್ದೇನೆ. ಇಡುವ ದಿನ ಎಲ್ಲವೂ ನೆನಪಿರುತ್ತದೆ, ಆರು ತಿಂಗಳಿಗೆ ಏನೂ ಇರುವುದಿಲ್ಲ. ಈಗ ನಾನು ಪಾಲಿಸುವ ಕ್ರಮವೆಂದರೆ ಒಳಗಿರುವ ಅಂಕಿಗಳನ್ನೇ ಹೆಸರಿಗೆ ತರುವುದು: ಮೊದಲು ಚಿತ್ರದ ಅಳತೆ, ಆಮೇಲೆ ಫ್ರೇಮ್ ರೇಟ್, ಆಮೇಲೆ ಧ್ವನಿ, ಆಮೇಲೆ ಬಣ್ಣದ ಮಾನಕ, ಕೊನೆಗೆ ಮಾಡಿದ ವರ್ಷ ಮತ್ತು ತಿಂಗಳು. "1920×1080, 25ಪಿ, 48ಕೆ, 709" (25ಪಿ ಎಂದರೆ ಸೆಕೆಂಡಿಗೆ 25 ಇಡಿ ಫ್ರೇಮ್, 48ಕೆ ಎಂದರೆ ಧ್ವನಿಗೆ 48 ಕಿಲೋಹರ್ಟ್ಸ್, 709 ಎಂಬುದು ಎಚ್‌ಡಿ ಚಿತ್ರದ ಬಣ್ಣದ ಮಾನಕ) ಎಂದು ಶುರುವಾಗುವ ಹೆಸರನ್ನು ಓದಿದ ಯಾರಿಗೂ, ಅದನ್ನು ನಾನು ಮಾಡಿದ್ದೇನೋ ಇನ್ನೊಬ್ಬರು ಮಾಡಿದ್ದೋ ಎಂಬುದು ಮುಖ್ಯವಾಗುವುದಿಲ್ಲ. ಪಟ್ಟಿಗಳು ಸಾಮಾನ್ಯವಾಗಿ ಹೆಸರಿನ ಮೊದಲಕ್ಷರದ ಕ್ರಮದಲ್ಲಿ ಬರುವುದರಿಂದ ಒಂದೇ ಅಳತೆಯವೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ ಎಂಬುದು ಇನ್ನೊಂದು ಲಾಭ. ಉಳಿಸುವಾಗ ಹೆಸರಿನ ಕೆಳಗೆ ವಿವರಣೆಗೆಂದು ಒಂದು ಚೌಕ ತೆರೆದುಕೊಳ್ಳುತ್ತದಲ್ಲ, ಅದನ್ನು ತುಂಬಿದವರನ್ನು ನಾನು ಇನ್ನೂ ಕಂಡಿಲ್ಲ. ಆದರೆ ಯಾವ ಕ್ಯಾಮೆರಾ, ಯಾವ ಕೆಲಸ ಎಂದು ಬರೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಅಂಕಿಗಳನ್ನು ಬರೆಯುವಾಗಲೂ ಪೂರ್ತಿ ಬರೆಯಬೇಕು ಎನ್ನುವುದಕ್ಕೆ ಕಾರಣವಿದೆ. 24 ಮತ್ತು 23.976 ಎಂಬ ಎರಡು ಫ್ರೇಮ್ ರೇಟ್‌ಗಳು ಬೇರೆ ಬೇರೆ. ಕೆಲವು ತಂತ್ರಾಂಶಗಳು ಎರಡನೆಯದನ್ನು 23.98 ಎಂದು ತೋರಿಸುತ್ತವೆ, ನಮ್ಮ ಬಾಯಲ್ಲಿ ಮಾತ್ರ ಎಲ್ಲವೂ 24. ಈ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದರೆ, 1953ರಲ್ಲಿ ಅಮೆರಿಕ ಬಣ್ಣದ ಟೆಲಿವಿಷನ್ನಿನ ಮಾನಕವನ್ನು ಒಪ್ಪಿಕೊಂಡಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಾಕಲಾಡಿ ಚಿತ್ರ ಕೆಡದಿರಲೆಂದು, ಸೆಕೆಂಡಿಗೆ 30 ಇದ್ದ ಫ್ರೇಮ್‌ಗಳನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಲಾಯಿತು. 30,000ವನ್ನು 1001ರಿಂದ ಭಾಗಿಸಿದರೆ ಸಿಗುವ 29.97 ಅದೇ, ಸಿನಿಮಾದ 24 ಕೂಡ ಅದೇ ಭಾಗಾಕಾರಕ್ಕೆ ಸಿಕ್ಕು 23.976 ಆಯಿತು. ಸಾವಿರಕ್ಕೆ ಒಂದು ಎಂದರೆ ಏನು ಮಹಾ ಎನಿಸಬಹುದು. 24ರಲ್ಲಿ ಚಿತ್ರೀಕರಿಸಿದ್ದನ್ನು ಒಂದು ಫ್ರೇಮನ್ನೂ ಬಿಡದೆ 23.976ರ ವೇಗದಲ್ಲಿ ಓಡಿಸಿದರೆ ಒಂದು ಗಂಟೆಯ ಚಿತ್ರ 3.6 ಸೆಕೆಂಡು ಹೆಚ್ಚು ಹಿಡಿಯುತ್ತದೆ. ಬೇರೆ ಯಂತ್ರದಲ್ಲಿ ಮುದ್ರಿಸಿಕೊಂಡ ಧ್ವನಿ ಅಷ್ಟು ಹೊತ್ತು ಕಾಯುವುದಿಲ್ಲ. ಮೊದಲ ನಿಮಿಷದಲ್ಲಿ ಒಂದೂವರೆ ಫ್ರೇಮಿನಷ್ಟಿರುವ ಅಂತರ ಯಾರಿಗೂ ತಿಳಿಯದು. ಹತ್ತನೆಯ ನಿಮಿಷಕ್ಕೆ ತುಟಿ ಒಂದು ಕಡೆ, ಮಾತು ಒಂದು ಕಡೆ. ದಶಮಾಂಶದ ಮೂರು ಅಂಕಿಗಳನ್ನು ಹೆಸರಿನಲ್ಲಿ ಬರೆಯಲು ಸೋಮಾರಿತನ ಮಾಡಬಾರದು ಎನ್ನುವುದು ಇದಕ್ಕೇ.

ಮುಕ್ತ ತಂತ್ರಾಂಶಗಳಾದ ಕೆಡೆನ್‌ಲೈವ್ ಮತ್ತು ಶಾಟ್‌ಕಟ್‌ಗಳ ಅಡಿಪಾಯವಾಗಿರುವ ಎಂಎಲ್‌ಟಿ ಈ ವಿಷಯದಲ್ಲಿ ನನಗೆ ಇಷ್ಟ. ಅದರ ಪ್ರೊಫೈಲ್, ಅಂದರೆ ಅಲ್ಲಿನ ಪ್ರೀಸೆಟ್, ಹತ್ತು ಹನ್ನೆರಡು ಸಾಲುಗಳ ಸಾದಾ ಪಠ್ಯದ ಫೈಲು. ಅಗಲಕ್ಕೊಂದು ಸಾಲು, ಎತ್ತರಕ್ಕೊಂದು ಸಾಲು. ಫ್ರೇಮ್ ರೇಟನ್ನು ದಶಮಾಂಶದಲ್ಲಿ ಬರೆಯದೆ ಅಂಶಕ್ಕೊಂದು ಸಾಲು, ಛೇದಕ್ಕೊಂದು ಸಾಲು ಎಂದು 24000 ಮತ್ತು 1001 ಆಗಿಯೇ ಬರೆದಿರುತ್ತದೆ. ಯಾವ ಕಂಪ್ಯೂಟರಿನಲ್ಲಾದರೂ, ಸಂಕಲನದ ತಂತ್ರಾಂಶ ಇಲ್ಲದೆಯೂ, ತೆರೆದು ಓದಬಹುದು; ಎರಡು ಪ್ರೊಫೈಲ್‌ಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಬಹುದು. ಹೆಸರಿನ ಹಿಂದೆ ಏನಿದೆ ಎಂಬುದನ್ನು ನಾಲ್ಕು ಕಿಟಕಿಗಳ ಹಿಂದೆ ಅಡಗಿಸಿಡುವ ದುಬಾರಿ ತಂತ್ರಾಂಶಗಳು ಇದನ್ನು ನೋಡಿ ಕಲಿಯಬಹುದಾದದ್ದಿದೆ.

ಹಾಗೆಂದು ಹಳೆಯದೆಲ್ಲ ಕೆಟ್ಟದಾಗಿತ್ತು ಎಂದಲ್ಲ. 1999ರಲ್ಲಿ ಬಂದ ಫೈನಲ್ ಕಟ್ ಪ್ರೊದ ಹಳೆಯ ಆವೃತ್ತಿಗಳಲ್ಲಿ ಈಸಿ ಸೆಟಪ್ ಎಂಬ ಒಂದು ವ್ಯವಸ್ಥೆಯಿತ್ತು. ಸೀಕ್ವೆನ್ಸಿನ (ಟೈಮ್‌ಲೈನಿಗೆ ಅಲ್ಲಿದ್ದ ಹೆಸರು) ಅಳತೆ, ಟೇಪಿನಿಂದ ದೃಶ್ಯಗಳನ್ನು ಇಳಿಸಿಕೊಳ್ಳುವ ಕ್ರಮ, ಉಪಕರಣವನ್ನು ನಿಯಂತ್ರಿಸುವ ವಿಧಾನ, ಹೀಗೆ ಬೇರೆ ಬೇರೆ ಪ್ರೀಸೆಟ್‌ಗಳನ್ನು ಒಂದೇ ಕಟ್ಟಾಗಿ ಕಟ್ಟಿ ಒಂದು ಹೆಸರಿನಿಂದ ಕರೆಯಬಹುದಿತ್ತು. ಕಂಪನಿಯೇ ಕೊಟ್ಟ ಪ್ರೀಸೆಟ್‌ಗಳ ಪಕ್ಕದಲ್ಲಿ ಪುಟ್ಟದೊಂದು ಬೀಗದ ಚಿಹ್ನೆ ಇರುತ್ತಿತ್ತು. ಅವುಗಳನ್ನು ತಿದ್ದಲು ಹೋದರೆ ಮೂಲವನ್ನು ಮುಟ್ಟದೆ ಅದರ ನಕಲನ್ನು ಕೈಗೆ ಕೊಡುತ್ತಿತ್ತು. ಆ ಬೀಗವನ್ನು ನಾವು ಮಾಡಿಕೊಂಡ ಪ್ರೀಸೆಟ್‌ಗಳಿಗೂ ಹಾಕುವ ಹಾಗಿದ್ದರೆ ನನ್ನ ನಾಲ್ಕು ರಾತ್ರಿಗಳು ಉಳಿಯುತ್ತಿದ್ದವು. 2011ರಲ್ಲಿ ಅದೇ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ಬರೆದು ಹೊರತಂದಾಗ ಹಳೆಯ ಪ್ರಾಜೆಕ್ಟ್‌ಗಳನ್ನೇ ಅದು ತೆರೆಯಲಿಲ್ಲ ಎಂಬುದು ಈ ವೃತ್ತಿಯವರಿಗೆಲ್ಲ ನೆನಪಿರುವ ಸಂಗತಿ. ಹೊಸ ಕ್ರಮದಲ್ಲಿ ಟೈಮ್‌ಲೈನಿಗೆ ಮೊದಲು ಬಂದ ಕ್ಲಿಪ್ಪಿನ ಅಳತೆಯನ್ನೇ ತಂತ್ರಾಂಶ ತಾನಾಗಿ ಹಿಡಿಯುತ್ತದೆ. ಬಹಳ ಜನರಿಗೆ ಇಷ್ಟು ಸಾಕು. ಆದರೆ ಮೊದಲು ಬಂದ ಕ್ಲಿಪ್ ಮೊಬೈಲಿನಲ್ಲಿ ತೆಗೆದ ಒಂದು ತುಣುಕಾಗಿದ್ದರೆ, ಉಳಿದ ಎರಡು ಗಂಟೆಗಳ ಕ್ಯಾಮೆರಾ ಫುಟೇಜ್ ಆ ತುಣುಕಿನ ಅಳತೆಗೆ ತಲೆಬಾಗಬೇಕಾಗುತ್ತದೆ. ನಮ್ಮ ಪರವಾಗಿ ಯೋಚಿಸುವ ಯಂತ್ರ ನಮ್ಮ ಪರವಾಗಿ ತಪ್ಪನ್ನೂ ಮಾಡುತ್ತದೆ.

ಪ್ರೀಸೆಟ್‌ಗಳು ಕಂಪ್ಯೂಟರಿನಲ್ಲಿ ಎಲ್ಲಿ ಕುಳಿತಿರುತ್ತವೆ ಎಂದು ಕೇಳಿದರೆ, ಪ್ರತಿದಿನ ಅವುಗಳನ್ನು ಬಳಸುವವರೂ ತಬ್ಬಿಬ್ಬಾಗುತ್ತಾರೆ. ನಾನೂ ಅವರಲ್ಲೊಬ್ಬನಾಗಿದ್ದೆ, ಒಂದು ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಂಡು ತೆರೆದಾಗ ನನ್ನ ಪಟ್ಟಿ ಖಾಲಿಯಾಗಿ ಕಾಣುವವರೆಗೆ. ಕೈಕಾಲು ತಣ್ಣಗಾದ ಮೇಲೆ ಹುಡುಕಾಡಿ ನೋಡಿದರೆ ಯಾವುದೂ ಕಳೆದುಹೋಗಿರಲಿಲ್ಲ. ಪ್ರತಿ ಆವೃತ್ತಿಗೂ ಅದರ ಸಂಖ್ಯೆಯ ಹೆಸರಿನಲ್ಲೊಂದು ಪ್ರತ್ಯೇಕ ಫೋಲ್ಡರ್ ಇದ್ದು, ಹಳೆಯವೆಲ್ಲ ಹಳೆಯ ಫೋಲ್ಡರಿನಲ್ಲಿಯೇ ಸುರಕ್ಷಿತವಾಗಿದ್ದವು. ಹೊಸದು ಅತ್ತ ಕಡೆ ನೋಡಿರಲಿಲ್ಲ, ಅಷ್ಟೆ. ಅಂದು ಡಿಸ್ಕನ್ನು ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿದ್ದರೆ ಮಾತ್ರ ಹುಡುಕಲೂ ಏನೂ ಉಳಿಯುತ್ತಿರಲಿಲ್ಲ.

ಸಾಮಾನ್ಯವಾಗಿ ಬಳಕೆಯಲ್ಲಿರುವ ತಂತ್ರಾಂಶಗಳು ಇದನ್ನು ಒಂದೊಂದು ರೀತಿಯಲ್ಲಿ ಇಡುತ್ತವೆ. ಪ್ರೀಮಿಯರ್ ಪ್ರೊದಲ್ಲಿ ಸೀಕ್ವೆನ್ಸ್ ಪ್ರೀಸೆಟ್‌ಗಳು ಒಂದೊಂದಕ್ಕೆ ಒಂದೊಂದು ಫೈಲಿನಂತೆ ಇದ್ದರೆ, ಎಫೆಕ್ಟ್‌ಗಳ ಪ್ರೀಸೆಟ್‌ಗಳೆಲ್ಲ ಸೇರಿ ಒಂದೇ ದೊಡ್ಡ ಫೈಲಿನಲ್ಲಿರುತ್ತವೆ. ಆ ಒಂದು ಫೈಲಿಗೆ ಏನಾದರೂ ಆದರೆ ವರ್ಷಗಳ ದುಡಿಮೆ ಒಟ್ಟಿಗೆ ಹೋಯಿತೆಂದೇ ಲೆಕ್ಕ. ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್‌ಗಳೇ ಬಿಡಿ ಫೈಲುಗಳಾಗಿರದೆ ಪ್ರಾಜೆಕ್ಟ್ ಲೈಬ್ರರಿ ಎಂಬ ದತ್ತಸಂಚಯದೊಳಗೆ ಇರುತ್ತವೆ, ಆದ್ದರಿಂದ ಬೇಕಾದುದನ್ನು ಎಕ್ಸ್‌ಪೋರ್ಟ್ ಮಾಡಿ ಹೊರಗೆ ತೆಗೆದಿಟ್ಟುಕೊಳ್ಳುವ ಅಭ್ಯಾಸ ಬೇಕು. ಅವಿಡ್ ಮೀಡಿಯಾ ಕಂಪೋಸರ್ ಈ ಗೊಂದಲವನ್ನು ಬಹಳ ಹಿಂದೆಯೇ ಗುರುತಿಸಿ, ಬಳಸುವವರ ಇಷ್ಟಕ್ಕೆ ಸೇರಿದ್ದು, ಪ್ರಾಜೆಕ್ಟ್‌ಗೆ ಸೇರಿದ್ದು, ಇಡೀ ಜಾಗಕ್ಕೆ ಸೇರಿದ್ದು ಎಂದು ಮೂರು ಪಾಲು ಮಾಡಿದೆ. ಮೂರನೆಯದಾದ ಸೈಟ್ ಸೆಟ್ಟಿಂಗ್‌ನಲ್ಲಿ ಇಟ್ಟದ್ದು ಆಮೇಲೆ ಅಲ್ಲಿ ಶುರುವಾಗುವ ಪ್ರತಿ ಹೊಸ ಪ್ರಾಜೆಕ್ಟ್‌ಗೂ ತಾನಾಗಿ ಬರುತ್ತದೆ. ಕೀಲಿಮಣೆಯ ಶಾರ್ಟ್‌ಕಟ್ ನನ್ನ ಸ್ವಂತದ್ದು, ಫ್ರೇಮ್ ರೇಟ್ ಕೆಲಸದ್ದು, ಹೊರಗೆ ಕಳುಹಿಸುವ ಫೈಲಿನ ಕ್ರಮ ಎಲ್ಲರದ್ದು: ಮೂವರು ಒಂದೇ ಯಂತ್ರ ಬಳಸುವಲ್ಲಿ ಈ ಭೇದ ಇಲ್ಲದಿದ್ದರೆ "ನಮ್ಮದು" ಎಂಬ ಹೆಸರಿನ ಪ್ರೀಸೆಟ್‌ಗಳೇ ಹುಟ್ಟುತ್ತವೆ.

ಇವೆಲ್ಲಕ್ಕೂ ಪರಿಹಾರವಾಗಿ ನಾನು ಮಾಡಿಕೊಂಡದ್ದು ಬಹಳ ಸಾಧಾರಣವಾದದ್ದು. ತಂತ್ರಾಂಶಕ್ಕೆ ಸಂಬಂಧವಿಲ್ಲದ ಜಾಗದಲ್ಲಿ ಒಂದು ಫೋಲ್ಡರ್ ಇದೆ. ಹೊಸ ಪ್ರೀಸೆಟ್ ಮಾಡಿದ ದಿನವೇ ಅದರ ಒಂದು ಪ್ರತಿ ಅಲ್ಲಿಗೆ ಹೋಗುತ್ತದೆ. ಜೊತೆಗೆ ಆ ಸೆಟ್ಟಿಂಗ್ ಕಿಟಕಿಯ ಒಂದು ಸ್ಕ್ರೀನ್‌ಶಾಟ್ ಕೂಡ. ಫೈಲನ್ನು ಮುಂದಿನ ಆವೃತ್ತಿ ಓದದಿದ್ದರೂ ಚಿತ್ರವನ್ನು ನಾನು ಓದಬಲ್ಲೆ, ಅಂಕಿಗಳನ್ನು ನೋಡಿ ಎರಡು ನಿಮಿಷದಲ್ಲಿ ಮತ್ತೆ ತುಂಬಬಲ್ಲೆ. ಯಾವುದಾದರೂ ಕೆಲಸ ಮುಗಿದು ಸಂಗ್ರಹಕ್ಕೆ ಹೋಗುವಾಗ, ಅದಕ್ಕೆ ಬಳಸಿದ ಪ್ರೀಸೆಟ್‌ಗಳ ಪ್ರತಿಯೂ ಪ್ರಾಜೆಕ್ಟಿನ ಜೊತೆಗೇ ಹೋಗುತ್ತದೆ.

ಎಫೆಕ್ಟ್‌ಗಳ ಪ್ರೀಸೆಟ್‌ಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವು ತಾವು ಹುಟ್ಟಿದ ಅಳತೆಯನ್ನು ಮರೆಯುವುದಿಲ್ಲ. 1920×1080ರ ಚೌಕಟ್ಟಿನಲ್ಲಿ ಹೆಸರುಪಟ್ಟಿಯನ್ನು ನಟ್ಟನಡುವೆ ನಿಲ್ಲಿಸಿ ಉಳಿಸಿದ್ದೀರಿ ಎನ್ನಿ. ತಂತ್ರಾಂಶ ಆ ಜಾಗವನ್ನು 960, 540 ಎಂದು ಪಿಕ್ಸೆಲ್ ಲೆಕ್ಕದಲ್ಲಿ ಬರೆದುಕೊಂಡಿದ್ದರೆ, ಅದನ್ನೇ 3840×2160ರಲ್ಲಿ ಹಾಕಿದಾಗ ಹೆಸರು ಎಡ ಮೇಲ್ಮೂಲೆಯ ಕಾಲುಭಾಗದ ನಡುವೆ ಹೋಗಿ ನಿಲ್ಲುತ್ತದೆ. ಚಲನೆಯಿರುವ ಎಫೆಕ್ಟ್‌ಗಳಿಗೆ ಕಾಲದ ಲೆಕ್ಕವೂ ಸೇರುತ್ತದೆ. ಪ್ರೀಮಿಯರ್ ಪ್ರೊದಲ್ಲಿ ಅಂಥದನ್ನು ಉಳಿಸುವಾಗ, ಕ್ಲಿಪ್ಪಿನ ಉದ್ದಕ್ಕೆ ತಕ್ಕಂತೆ ಹಿಗ್ಗಬೇಕೋ, ಶುರುವಿಗೆ ಕಟ್ಟಿರಬೇಕೋ, ಕೊನೆಗೆ ಕಟ್ಟಿರಬೇಕೋ ಎಂದು ಕೇಳುತ್ತದೆ. ಬಹುತೇಕರು ಈ ಪ್ರಶ್ನೆಯನ್ನು ಓದದೆ ಸರಿ ಎಂದು ಒತ್ತುತ್ತಾರೆ. ಮೆಲ್ಲಗೆ ಮರೆಯಾಗುವ ಎಫೆಕ್ಟನ್ನು ಕೊನೆಗೆ ಕಟ್ಟುವ ಬದಲು ಶುರುವಿಗೆ ಕಟ್ಟಿದರೆ, ಹತ್ತು ಸೆಕೆಂಡಿನ ಕ್ಲಿಪ್ಪಿನಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಮೂವತ್ತು ಸೆಕೆಂಡಿನ ಕ್ಲಿಪ್ಪಿನಲ್ಲಿ ಹತ್ತನೆಯ ಸೆಕೆಂಡಿಗೇ ಪರದೆಯನ್ನು ಕಪ್ಪಾಗಿಸಿ ಉಳಿದ ಇಪ್ಪತ್ತು ಸೆಕೆಂಡು ಹಾಗೆಯೇ ಬಿಡುತ್ತದೆ.

ಎಕ್ಸ್‌ಪೋರ್ಟ್ ಪ್ರೀಸೆಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವುಗಳಲ್ಲಿ ತಪ್ಪಾದರೆ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದರಾಯಿತು. ಬಿಟ್‌ರೇಟಿನ, ಅಂದರೆ ಒಂದು ಸೆಕೆಂಡಿನ ಚಿತ್ರ ಎಷ್ಟು ದತ್ತಾಂಶ ತೆಗೆದುಕೊಳ್ಳುತ್ತದೆ ಎಂಬುದರ, ಲೆಕ್ಕವನ್ನು ಮಾತ್ರ ಒಮ್ಮೆ ಕೈಯಲ್ಲಿ ಹಾಕಿ ನೋಡುವುದು ಒಳ್ಳೆಯದು: ಸೆಕೆಂಡಿಗೆ 20 ಮೆಗಾಬಿಟ್ ಎಂದರೆ ಒಂದು ಗಂಟೆಗೆ 9 ಗಿಗಾಬೈಟ್, 50 ಎಂದರೆ 22.5 ಗಿಗಾಬೈಟ್. ಟೈಮ್‌ಲೈನಿನಲ್ಲಿ ಇರುವಂತೆಯೇ ಹೊರಗೆ ಕಳುಹಿಸು ಎಂಬ ಅರ್ಥದ ಮ್ಯಾಚ್ ಸೋರ್ಸ್ ಆಯ್ಕೆ ಅನುಕೂಲವಾದದ್ದೇ, ಆದರೆ ಟೈಮ್‌ಲೈನೇ ತಪ್ಪಾಗಿದ್ದರೆ ಅದು ತಪ್ಪನ್ನೂ ನಿಷ್ಠೆಯಿಂದ ಹಾಗೆಯೇ ಕಳುಹಿಸುತ್ತದೆ. ನನ್ನ ನಾಲ್ಕನೆಯ ಕಂತು ಮನೆ ದಾಟಿದ್ದು ಈ ಬಾಗಿಲಿನಿಂದಲೇ.

ಇನ್ನು ಅಂತರ್ಜಾಲದಲ್ಲಿ ಐನೂರು, ಸಾವಿರದ ಕಟ್ಟುಗಳಲ್ಲಿ ಸಿಗುವ ಪ್ರೀಸೆಟ್‌ಗಳು. ಅವುಗಳ ಬಗ್ಗೆ ನನಗೆ ಗೌರವ ಕಡಿಮೆ. ಅರ್ಧದಷ್ಟಕ್ಕೆ ನಮ್ಮ ಬಳಿ ಇಲ್ಲದ ಪ್ಲಗಿನ್ ಬೇಕು, ಇನ್ನಷ್ಟಕ್ಕೆ ನಮ್ಮ ಬಳಿ ಇಲ್ಲದ ಫಾಂಟ್ ಬೇಕು. ಉಳಿದವು ಪಟ್ಟಿಯನ್ನು ತುಂಬಿಕೊಂಡು, ದಿನಾ ಬೇಕಾಗುವ ನಾಲ್ಕನ್ನು ಹುಡುಕುವುದಕ್ಕೇ ಕಷ್ಟ ಕೊಡುತ್ತವೆ. ಹಾಗೆ ತಂದವನ್ನು ಬೇರೆಯದೇ ಫೋಲ್ಡರಿನಲ್ಲಿಟ್ಟು, ನಾವು ಮಾಡಿದವುಗಳೊಂದಿಗೆ ಬೆರೆಸದಿದ್ದರೆ ಅಷ್ಟೇ ಸಾಕು.

ಪ್ರೀಸೆಟ್‌ಗಿಂತ ಮಾದರಿ ಪ್ರಾಜೆಕ್ಟ್ ಇಟ್ಟುಕೊಳ್ಳುವುದೇ ಮೇಲು ಎನ್ನುವವರೂ ಇದ್ದಾರೆ. ಟೈಮ್‌ಲೈನ್, ಫೋಲ್ಡರ್‌ಗಳು, ಟ್ರ್ಯಾಕ್‌ಗಳ ಹೆಸರು, ಶೀರ್ಷಿಕೆ ಎಲ್ಲ ಸಿದ್ಧವಿರುವ ಖಾಲಿ ಪ್ರಾಜೆಕ್ಟ್ ಒಂದನ್ನು ಇಟ್ಟುಕೊಂಡು, ಪ್ರತಿ ಹೊಸ ಕೆಲಸಕ್ಕೂ ಅದರ ನಕಲು ಮಾಡಿಕೊಳ್ಳುವುದು ಅವರ ಕ್ರಮ. ಎಂಟು ಕಂತುಗಳ ಮಾಲೆಯಂಥ ಕೆಲಸಕ್ಕೆ ಅದು ಸರಿ ಎಂದು ನಾನೂ ಒಪ್ಪುತ್ತೇನೆ, ಈಗ ಹಾಗೆಯೇ ಮಾಡುತ್ತೇನೆ. ಬಿಡಿ ಕೆಲಸಗಳಿಗೆ ಮಾತ್ರ ಪ್ರೀಸೆಟ್ ಸಾಕು. ಏಕೆಂದರೆ ಮಾದರಿ ಪ್ರಾಜೆಕ್ಟ್ ತನ್ನ ಜೊತೆ ಹಳೆಯ ಕಸವನ್ನೂ ಹೊತ್ತು ತರುತ್ತದೆ. ಹಿಂದಿನ ಕೆಲಸದ ರೆಂಡರ್ ಫೈಲುಗಳು (ಎಫೆಕ್ಟ್‌ಗಳನ್ನು ಲೆಕ್ಕಹಾಕಿ ತಂತ್ರಾಂಶ ಸಿದ್ಧಮಾಡಿಟ್ಟ ದೃಶ್ಯಗಳು) ಬರೆದುಕೊಳ್ಳಬೇಕಾದ ಡಿಸ್ಕಿನ ದಾರಿ ಅದರಲ್ಲಿ ಹಾಗೆಯೇ ಉಳಿದಿರುತ್ತದೆ, ಆ ಡಿಸ್ಕ್ ಆಗ ಯಾರದೋ ಚೀಲದಲ್ಲಿರುತ್ತದೆ.

ಹಳೆಯ ಪ್ರೀಸೆಟ್‌ಗಳನ್ನು ಕಳೆಯುವಾಗಲೂ ಸ್ವಲ್ಪ ಯೋಚಿಸಬೇಕು. ಕಳೆದ ತಿಂಗಳು ನನ್ನ ಪಟ್ಟಿಯಲ್ಲಿದ್ದ 41ರಲ್ಲಿ 32ನ್ನು ಅಳಿಸಿದೆ. ಉಳಿದ ಒಂಬತ್ತರಲ್ಲಿ ಏಳು ದಿನನಿತ್ಯದವು, ಎರಡು ಮಾತ್ರ ವರ್ಷಕ್ಕೊಮ್ಮೆ ಬೇಕಾಗುವಂಥವು. ಒಂದು ಎಚ್‌ಡಿವಿ ಟೇಪುಗಳಿಗಾಗಿ ಮಾಡಿದ್ದು. ಅದರ ಚಿತ್ರ 1440×1080, ಆದರೆ ಪಿಕ್ಸೆಲ್‌ಗಳು ಎತ್ತರಕ್ಕಿಂತ ಅಗಲ 1.333 ಪಟ್ಟು ಹೆಚ್ಚಿರುವ ಆಯತಗಳಾದ್ದರಿಂದ ಪರದೆಯ ಮೇಲೆ 1920ರಷ್ಟು ಅಗಲವಾಗಿ ಕಾಣುತ್ತದೆ. ಪಿಕ್ಸೆಲ್ ಚೌಕವೆಂದು ತಿಳಿದರೆ ಎಲ್ಲರ ಮುಖವೂ ಉದ್ದವಾಗುತ್ತದೆ. ಇನ್ನೊಂದು 720×576ರ ಡಿವಿ ಟೇಪುಗಳಿಗೆ. ಅದರಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಮೇಲಿನದು ಮೊದಲು ಎಂದು ಹೊಂದಿಸಿದರೆ ನಿಂತ ಚಿತ್ರದಲ್ಲಿ ಏನೂ ತಿಳಿಯುವುದಿಲ್ಲ, ಯಾರಾದರೂ ಕೈ ಬೀಸಿದ ಕೂಡಲೇ ಆ ಕೈ ಮುಂದಕ್ಕೂ ಹಿಂದಕ್ಕೂ ನಡುಗುತ್ತದೆ. ಯಾರಾದರೂ ಹಳೆಯ ಟೇಪು ತಂದು ಮೇಜಿನ ಮೇಲಿಟ್ಟ ದಿನ ಈ ಅಂಕಿಗಳನ್ನು ಮತ್ತೆ ಹುಡುಕಿ ತೆಗೆಯುವುದಕ್ಕಿಂತ ಎರಡು ಫೈಲುಗಳನ್ನು ಉಳಿಸಿಕೊಳ್ಳುವುದು ಅಗ್ಗ.

ತಂತ್ರಾಂಶ ತಯಾರಿಸುವವರಿಂದ ಬಯಸುವುದು ಮೂರೇ ಸಂಗತಿ: ನಾವು ಮಾಡಿದ ಪ್ರೀಸೆಟ್‌ಗೂ ಬೀಗ ಹಾಕುವ ಅನುಕೂಲ, ಅದನ್ನು ಕೊನೆಯದಾಗಿ ಯಾವಾಗ ಬದಲಿಸಲಾಯಿತು ಎಂಬ ದಿನಾಂಕ ಹೆಸರಿನ ಪಕ್ಕದಲ್ಲೇ ಕಾಣುವುದು, ಮತ್ತು ಹೊಸ ಆವೃತ್ತಿ ಮೊದಲ ಸಲ ತೆರೆದಾಗ ಹಳೆಯವನ್ನು ತರಬೇಕೇ ಎಂದು ಬಾಯಿಬಿಟ್ಟು ಕೇಳುವುದು. ಕಲಿಸುವವರಲ್ಲಿ ಒಂದು ಕೋರಿಕೆ. ಮೊದಲ ಹತ್ತು ಟೈಮ್‌ಲೈನ್‌ಗಳನ್ನಾದರೂ ವಿದ್ಯಾರ್ಥಿಗಳು ಪ್ರೀಸೆಟ್ ಮುಟ್ಟದೆ, ಪ್ರತಿಯೊಂದು ಅಂಕಿಯನ್ನೂ ಕೈಯಿಂದ ತುಂಬಿ ತೆರೆಯಲಿ. ಮಗ್ಗಿ ಬಾಯಿಗೆ ಬಂದ ಮೇಲೆ ಕ್ಯಾಲ್ಕುಲೇಟರ್ ಕೊಡುವ ಕ್ರಮವೇ ಇದು. ಧ್ವನಿಯ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಎಂದು ತುಂಬಬೇಕಾದಲ್ಲಿ 44.1 ಎಂದು ಕಂಡಾಗ ಕೈ ತಾನಾಗಿ ನಿಲ್ಲುವಷ್ಟು ಅಭ್ಯಾಸವಾಗಲಿ, ಆಮೇಲೆ ಉಳಿಸಿಟ್ಟುಕೊಳ್ಳಲಿ.

ತಮ್ಮ ಲೇಖನಮಾಲೆಯ ಮುಂದಿನ ಕಂತುಗಳಲ್ಲಿ ಒಂದನ್ನು ಪೂರ್ತಿಯಾಗಿ ಈ ವಿಷಯಕ್ಕೆ ಮೀಸಲಿಡುವಂತೆ ಲೇಖಕರಿಗೆ ತಿಳಿಸಬೇಕೆಂದು ಕೋರುತ್ತೇನೆ. ಜಾಗ ಕಡಿಮೆಯಿದ್ದರೆ ಫ್ರೇಮ್ ರೇಟಿನ ಭಾಗವನ್ನಾದರೂ ಬಿಡದಿರಲಿ. ಬಾಣದ ಕೀಲಿಯಿಂದ ಫ್ರೇಮ್ ಎಣಿಸುವ ವಿಧಾನವನ್ನು ಒಂದು ಚಿತ್ರದ ಸಮೇತ ತೋರಿಸಿದರೆ ಓದುಗರು ತಮ್ಮ ತಮ್ಮ ಟೈಮ್‌ಲೈನ್‌ಗಳನ್ನು ಅಂದೇ ಪರೀಕ್ಷಿಸಿಕೊಳ್ಳಬಹುದು.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ವಿಡಿಯೊ ಸಂಕಲನಕಾರ